ಐದು ದಶಾಂಶ ನಾಲ್ಕು

ಹೈಮಾದಿಂದ ಅರವತ್ತು ಕಿಲೋಮೀಟರು ಒಳಗೆ
ಪೈಪ್‌ಲೈನ್ ಕ್ಯಾಂಪಿನ ಜನರೇಟರು
ಮಾರ್ಚಿನ ಒಂದು ರಾತ್ರಿ ಕೆಮ್ಮಿ ನಿಂತಿತು.
ಬೈಗುಳ ನಾಲ್ಕು ಭಾಷೆಗಳಲ್ಲಿ ಹೊರಗೆ ಬಂತು,
ಹಿಂದೆಯೇ ನಾವೂ.

ಮೊದಲ ಐದು ನಿಮಿಷ ಬರಿಯ ಕಪ್ಪು.
ಕಣ್ಣಿಗೂ ಪಾಳಿ ಬದಲಾಗಬೇಕಲ್ಲ:
ಹಗಲಿನವರು ಎದ್ದು ಹೋಗಿ
ಇರುಳಿನವರು ಬಂದು ಕೂರಲು
ಇಪ್ಪತ್ತು ನಿಮಿಷ ಹಿಡಿಯುತ್ತದೆ.
ಅವರಿಗೆ ಬಣ್ಣ ತಿಳಿಯದು.
ಇದೆ, ಇಲ್ಲ, ಅಷ್ಟೇ ಗೊತ್ತು.

ಸಪ್ತರ್ಷಿಗಳು ಈಶಾನ್ಯದಲ್ಲಿ ಏಳುತ್ತಿದ್ದರು,
ಪುನರ್ವಸುವಿನ ಜೋಡಿ ನೆತ್ತಿಯ ಹತ್ತಿರ.
ನಡುವೆ ಯಾರೂ ಮನೆ ಕಟ್ಟದ ಜಾಗ.
ಕಾವಲಿನ ಮುಸಲ್ಲಮ್ ಹೇಳಿದ:
ನನ್ನಜ್ಜನೂ ಅಲ್ಲಿ ಯಾರಿಗೂ ಹೆಸರಿಡಲಿಲ್ಲ,
ಒಂಟೆಗೆ ದಾರಿ ತೋರದ ಚುಕ್ಕಿಗೆ
ಹೆಸರು ಯಾಕೆ?

ನಾನು ಹುಡುಕುತ್ತಿದ್ದದ್ದು ಅಲ್ಲಿಯ ಒಂದನ್ನೇ.
ಪಟ್ಟಿಯಲ್ಲಿ ಅದಕ್ಕೆ ಐದಂಕಿಯ ಸಂಖ್ಯೆ,
ನನ್ನ ಗೇಟ್‌ಪಾಸಿಗಿಂತ ಒಂದಂಕಿ ಕಮ್ಮಿ.
ಹೊಳಪು ಐದು ದಶಾಂಶ ನಾಲ್ಕು;
ಆರು ದಾಟಿದರೆ ಬರಿಗಣ್ಣಿಗೆ ಬಾಗಿಲು ಮುಚ್ಚಿತು.
ನೇರ ನೋಡಿದೆ. ಇಲ್ಲ.
ಸಾಲ ಕೊಟ್ಟವನನ್ನು ಸಂತೆಯಲ್ಲಿ ಕಂಡವನ ಹಾಗೆ
ತುಸು ಪಕ್ಕಕ್ಕೆ ನೋಡಿದೆ.
ಇದೆ.

ಇಸಿದೋರ್ ಬೈನಾಕ್ಯುಲರ್ ಕಸಿದುಕೊಂಡ.
ಇಪ್ಪತ್ತೆರಡು ವರ್ಷ ಉಕ್ಕು ಬೆಸೆದ ಕಣ್ಣು,
ಮೀಟರು ಬೇಡ ಅವನಿಗೆ:
ಕೆಂಪು ಏಳುನೂರು, ಕಿತ್ತಳೆ ಒಂಬೈನೂರು,
ಹಳದಿ ಸಾವಿರದ ನೂರು.
“ಕಿತ್ತಳೆ ಮಾರಾಯ,” ಅಂದ,
“ಒಂಬೈನೂರೈವತ್ತು ಡಿಗ್ರಿ ಇದ್ದೀತು.
ಅದಕ್ಕೇ ಹೀಗೆ ಮಂಕು. ಇನ್ನೂ ಕಾಯಿಸಬೇಕಿತ್ತು.”

ನಾಲ್ಕು ಸಾವಿರ, ಅಂದೆ.
ನಿನ್ನ ಟಾರ್ಚಿನ ಟಂಗ್‌ಸ್ಟನ್ ಮೊನೆ
ಅಲ್ಲಿ ಬೆಣ್ಣೆ.
ನಮ್ಮ ಮೆಸ್ಸಿನ ಬಲ್ಬನ್ನು ಅದರ ಪಕ್ಕ ಇಟ್ಟರೆ
ಬಲ್ಬೇ ಕಿತ್ತಳೆ, ಅದು ಬಿಳಿ.

ನಂಬಲಿಲ್ಲ.
ಬಣ್ಣ ಅವನಿಗೆ ಈವರೆಗೆ ಸುಳ್ಳು ಹೇಳಿಲ್ಲ.

ಮಂಕು ಅದರದ್ದಲ್ಲ, ಇಸಿದೋರ್, ದೂರದ್ದು.
ಎಂಬತ್ತು ಸೂರ್ಯರಷ್ಟು ಬೆಳಕು
ಮುನ್ನೂರು ವರ್ಷದ ದಾರಿ ಬಂದಿದೆ,
ಸವೆದಿಲ್ಲ, ಹರಡಿದೆ,
ಒಂದು ಕೊಡ ಹಾಲನ್ನು ಕಡಲಿಗೆ ಸುರಿದ ಹಾಗೆ.
ಅಗಲ ಹದಿನಾರು ಸೂರ್ಯರನ್ನು ಸಾಲಾಗಿ ನಿಲ್ಲಿಸಿದಷ್ಟು;
ಸರಕು ಮಾತ್ರ ಒಂದು ಸೂರ್ಯನದ್ದು, ಮೇಲೊಂದು ಚೂರು.
ಒಡಲಿನ ಹೈಡ್ರೋಜನ್ ತೀರಿ
ಹೀಲಿಯಮ್ಮಿಗೆ ಕೈಹಾಕಿದೆ,
ಉಬ್ಬಿಕೊಂಡಿದೆ.
ಸರಾಸರಿ ತೆಗೆದರೆ
ನಾವೀಗ ಮೂಗಿಗೆ ಎಳೆದುಕೊಳ್ಳುವ ಈ ಗಾಳಿಯ
ಮೂರರಲ್ಲೊಂದು ಪಾಲು ದಪ್ಪ.
ಗಾಳಿಗಿಂತ ತೆಳು,
ಟಂಗ್‌ಸ್ಟನ್ ಕರಗಿಸುವಷ್ಟು ಬಿಸಿ.

ಮುಸಲ್ಲಮ್ ಕಾಫಿ ಬಗ್ಗಿಸಿ ಕೊಟ್ಟ, ಏಲಕ್ಕಿ ಹೆಚ್ಚು.

ಅದರ ಮೈಮೇಲೆ ಸೆಳೆತವೂ ಸಡಿಲ,
ಚಂದ್ರನಿಗಿಂತ ಕಮ್ಮಿ, ಅಂದೆ.
ಅರವತ್ತೆರಡು ಕಿಲೋದ ನಾನು ಅಲ್ಲಿ ಎಂಟು ಕಿಲೋ.

“ಮೂವತ್ತು ಕಿಲೋ ಬ್ಯಾಗೇಜು?”
ನಾಲ್ಕು.

ಕತ್ತಲಲ್ಲಿ ಅವನು ಲೆಕ್ಕ ಹಾಕುವುದು ಕೇಳಿಸಿತು.
ಹಾಲಿನ ಪುಡಿ. ಎರಡು ಕಂಬಳಿ. ಸಾಬೂನು.
ಲವೀನಾ ಕೇಳಿದ ಹೊಲಿಗೆ ಯಂತ್ರ,
ಕಾಲುಮಣೆಯ ಸಮೇತ.
“ಹಾಗಾದ್ರೆ ಇನ್ನೂರ ಮೂವತ್ತು ಕಿಲೋ ಒಯ್ಯಬಹುದು,
ಕೌಂಟರಿನವಳು ಬಾಯಿ ಬಿಡುವ ಹಾಗಿಲ್ಲ.”

ಒಯ್ದು ಇಡುವುದೆಲ್ಲಿ? ಅಲ್ಲಿ ನೆಲವಿಲ್ಲ.
ಇಲ್ಲಿಗೆ ಮುಗಿಯಿತು ಎನ್ನುವ ಅಂಚೂ ಇಲ್ಲ.

ಅವನು ಬಹಳ ಹೊತ್ತು ಮಾತಾಡಲಿಲ್ಲ.
ಮತ್ತೆ ಜನರೇಟರು ಗುಡುಗಿ
ಹದಿನೆಂಟು ದೀಪ ಒಮ್ಮೆಗೇ ಹತ್ತಿದವು.
“ಹೋಯಿತು,” ಅಂದ, ಮೇಲೆ ನೋಡುತ್ತ.
ನಾವು ಕಣ್ಣುಜ್ಜಿಕೊಂಡು ಒಳಗೆ ಹೋದೆವು,
ತಣ್ಣಗಾದ ಪರೋಟಕ್ಕೆ.

ಮರುದಿನ ನಾಲ್ಕುನೂರ ಹದಿನೆಂಟನೆಯ ಜಾಯಿಂಟು.
ಮಂಡಿಯೂರಿದವನು ಮುಖವಾಡ ಎತ್ತಿ ಕೇಳಿದ:
“ಈ ಆರ್ಕು ಎಷ್ಟು?”
ಆರು ಸಾವಿರದ ಮೇಲೆ.
“ಅದು ನಾಲ್ಕು?”
ನಾಲ್ಕು.

ಕೈಯ ಹೋಲ್ಡರನ್ನು ಒಮ್ಮೆ ನೋಡಿಕೊಂಡ.
“ನಿನ್ನೆಯೇ ಹೇಳಬಾರದಿತ್ತಾ?”
ಅಂದು ಮುಖವಾಡ ಇಳಿಸಿದ.
ನಾನು ಬೇರೆ ಕಡೆ ತಿರುಗಿದೆ.
ಅದನ್ನೂ
ನೇರ ನೋಡಬಾರದು.